ಉತ್ತ ಹೊಲದಲ್ಲಿ ಮೋಖಾದ ಬೆಳ್ಳಿ

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಮಿಡ್ಲ್‌ಟೌನ್ ಎಂಬ ಊರಿದೆ. ಅಲ್ಲಿನ ಸ್ವೀಟ್ ಬೆರಿ ಫಾರ್ಮ್‌ಗೆ ಜನ ಹೋಗುವುದು ತಮ್ಮ ಕೈಯಾರೆ ಹಣ್ಣು ಬಿಡಿಸಿಕೊಂಡು ಬರಲಿಕ್ಕೆ. ಹವ್ಯಾಸಿ ಇತಿಹಾಸಕಾರ ಜಿಮ್ ಬೇಲಿ ಹೋಗುತ್ತಿದ್ದದ್ದು ಮೆಟಲ್ ಡಿಟೆಕ್ಟರ್ ಹಿಡಿದುಕೊಂಡು. ಹಳೆಯ ಶೂ ಬಕಲ್, ಕೋವಿಯ ಗುಂಡು ಅವರಿಗೆ ಅಲ್ಲಿ ಮೊದಲೇ ಸಿಕ್ಕಿದ್ದವು. 2014ರಲ್ಲಿ ಒಂದು ದಿನ ಅದೇ ಮಣ್ಣಿನಿಂದ ಕಪ್ಪಿಟ್ಟ ಸಣ್ಣ ಬೆಳ್ಳಿ ನಾಣ್ಯವೊಂದು ಬಂತು. ಸ್ಪೇನಿನದ್ದಿರಬೇಕು, ಇಲ್ಲವೇ ಮ್ಯಾಸಚೂಸೆಟ್ಸ್ ವಸಾಹತು ತಾನೇ ಟಂಕಿಸಿದ್ದಿರಬೇಕು ಎಂದುಕೊಂಡರು. ಮಣ್ಣು ಬಿಡಿಸಿ ನೋಡಿದರೆ ಅರಬ್ಬಿ ಅಕ್ಷರ. ನಾಣ್ಯ 1693ರಲ್ಲಿ ಯೆಮೆನ್‌ನಲ್ಲಿ ಟಂಕವಾದದ್ದೆಂದು ಆಮೇಲೆ ಗೊತ್ತಾಯಿತು.

ಆ ಕಾಲದ ನ್ಯೂ ಇಂಗ್ಲೆಂಡಿನ ರೈತನಿಗೂ ಯೆಮೆನ್‌ಗೂ ನೇರ ವ್ಯಾಪಾರವಿರಲಿಲ್ಲ. ಹಾಗಾದರೆ ಕೆಂಪು ಸಮುದ್ರದ ದಡದ ಬೆಳ್ಳಿ ಅಟ್ಲಾಂಟಿಕ್‌ನ ಈ ಬದಿಯ ಹೊಲಕ್ಕೆ ಬಿದ್ದದ್ದು ಹೇಗೆ? ಬೇಲಿ ವರ್ಷಗಟ್ಟಲೆ ದಾಖಲೆ ಹುಡುಕಿ ಕೊಟ್ಟ ಉತ್ತರ ನಮ್ಮ ಸೂರತ್ ಬಂದರಿನವರೆಗೆ ಬರುತ್ತದೆ. ಡಿಟೆಕ್ಟರ್ ಕೊಳ್ಳಲು ನನ್ನ ಗೆಳೆಯನಿಗೆ ಹುಚ್ಚು ಹಿಡಿಸಿದ್ದು ಈ ಸುದ್ದಿ. ಅವನ ಬೆನ್ನಿಗೆ ನಾನೂ ಹೊಲಕ್ಕೆ ಬಿದ್ದೆ.

ಗೆಳೆಯ ಜಮಖಂಡಿ ಕಡೆಯವನು, ಕಬ್ಬು ಬೆಳೆಯುವ ಮನೆತನದವನು. ಮ್ಯಾಸಚೂಸೆಟ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಶಿವಮೊಗ್ಗ ಜಿಲ್ಲೆಯ ಅಡಿಕೆ ಸೀಮೆಯಿಂದ ಬಂದವನು. ರೋಡ್ ಐಲೆಂಡ್ ಗಡಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಮೆಕ್ಕೆಜೋಳ, ಕುಂಬಳ ಬೆಳೆಯುವ ಹಿರಿಯ ರೈತರೊಬ್ಬರು ನಮಗೆ ಹೊಲ ತೆರೆದುಕೊಟ್ಟಿದ್ದಾರೆ. ಇಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿಲ್ಲದೆ ಒಂದು ಸಲಿಕೆ ಮಣ್ಣನ್ನೂ ಎತ್ತುವಂತಿಲ್ಲ. ಒಕ್ಕೂಟ ಸರ್ಕಾರದ ಜಾಗಗಳಲ್ಲಿ 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಪರವಾನಗಿಯಿಲ್ಲದೆ ಅಗೆದು ತೆಗೆಯುವುದೇ ಅಪರಾಧ. ರೈತರ ಜೊತೆ ನಮ್ಮ ಕರಾರು ಸರಳ: ಸಿಕ್ಕಿದ್ದೆಲ್ಲ ಅವರದು, ಬರೆದಿಟ್ಟ ಲೆಕ್ಕ ನಮ್ಮದು, ತೋಡಿದ ಗುಂಡಿ ಮುಚ್ಚದೆ ಮುಂದೆ ಹೆಜ್ಜೆ ಇಡುವಂತಿಲ್ಲ.

ಕೊಯ್ಲು ಮುಗಿದು ಹಿಮ ಬೀಳುವ ಮುನ್ನ ಸಿಗುವ ಕೆಲವು ವಾರ, ಮತ್ತೆ ವಸಂತದಲ್ಲಿ ಉತ್ತು ಬಿತ್ತುವ ನಡುವಿನ ಬಿಡುವು, ಇವೇ ಈ ಕೆಲಸದ ಕಾಲ. ಮೆಕ್ಕೆಜೋಳದ ಕೂಳೆ ಗಟ್ಟಿಯಾಗಿ ನಿಂತಿದ್ದರೆ ಡಿಟೆಕ್ಟರಿನ ತುದಿಯ ಕಾಯಿಲ್ ನೆಲಕ್ಕೆ ಹತ್ತಿರ ಹೋಗುವುದಿಲ್ಲ. ಉತ್ತ ಮೇಲೆ ಒಂದೆರಡು ಮಳೆ ಬಿದ್ದು ಹೆಂಟೆ ಕರಗಿ ನೆಲ ಕೂತಿದ್ದರೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಯಂತ್ರದ ತತ್ವ ಸರಳವಾದದ್ದು. ಕಾಯಿಲ್‌ನ ಒಂದು ಸುರುಳಿ ಕಾಂತಕ್ಷೇತ್ರ ಹುಟ್ಟಿಸಿ ನೆಲಕ್ಕೆ ಬಿಡುತ್ತದೆ. ಕೆಳಗೆ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿವಿದ್ಯುತ್ ಹರಿದು, ಅದರದ್ದೇ ಒಂದು ಕ್ಷೀಣ ಕ್ಷೇತ್ರ ಏಳುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ. ಬೆಳ್ಳಿ, ತಾಮ್ರ ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಹೆಡ್‌ಫೋನಿನಲ್ಲಿ ಎತ್ತರದ ಸ್ವರ. ಕಬ್ಬಿಣಕ್ಕೆ ತಗ್ಗಿನ ಗೊಗ್ಗರು ದನಿ. ನಡುವಿನ ಸ್ವರಗಳಲ್ಲಿ ಸೀಸದ ಗುಂಡು, ಹಿತ್ತಾಳೆ ಗುಂಡಿ, ಅಲ್ಯೂಮಿನಿಯಂ ಕ್ಯಾನಿನ ಮುಚ್ಚಳ ಎಲ್ಲ ಒಟ್ಟಿಗೇ ಇರುತ್ತವೆ. ಅಲ್ಲಿ ಕಿವಿ ಪಳಗಬೇಕು. ಗೆಳೆಯನ ಕಿವಿ ಪಳಗಿದೆ. ನಾನು ಸಲಿಕೆ ಊರುವಷ್ಟರಲ್ಲಿ ಆ ಕಡೆ ಸಾಲಿನಿಂದಲೇ ಕೂಗಿ ಹೇಳುತ್ತಾನೆ: “ಮೊಳಿ ಐತಿ ಅದು, ಬಿಡೋ ದೋಸ್ತ. ದನಿ ಎರಡೂ ಕಡೆಯಿಂದ ಒಂದs ಥರಾ ಬರವಲ್ತು ನೋಡು.”

ಈ ಯಂತ್ರದ ಹುಟ್ಟಿನಲ್ಲಿ ಸಂಕಟದ ಕಥೆಗಳಿವೆ. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟು ತಿಂದು ಮಲಗಿದ್ದಾಗ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಉಪಕರಣ ಕಟ್ಟಿಕೊಂಡು ದೇಹದೊಳಗಿನ ಗುಂಡು ಹುಡುಕಲು ಹೋದರು. ವೈದ್ಯರು ಬಲಭಾಗದಲ್ಲಷ್ಟೇ ಹುಡುಕಲು ಬಿಟ್ಟರು. ಗುಂಡು ಎಡಕ್ಕಿತ್ತು, ಅಧ್ಯಕ್ಷರು ಉಳಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್‌ಕಿ ರೂಪಿಸಿದ ನೆಲಬಾಂಬ್ ಶೋಧಕ 1942ರಲ್ಲಿ ಎಲ್ ಅಲಮೇನ್ ಮರುಭೂಮಿಯಲ್ಲಿ ಸೈನಿಕರಿಗೆ ದಾರಿ ಬಿಡಿಸಿತು. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಹಳೆಯ ಶೋಧಕಗಳು ಹವ್ಯಾಸಿಗಳ ಕೈಗೆ ಬಂದವು.

ಇಷ್ಟಕ್ಕೂ ಹೊಲದಲ್ಲೇಕೆ ಇಷ್ಟು ವಸ್ತು? ಊರಿದ್ದದ್ದು ಬೇರೆ ಕಡೆ, ಮನೆಯಿದ್ದದ್ದು ಬೇರೆ ಕಡೆ. ನನಗೆ ಇದನ್ನು ಬಿಡಿಸಿ ಹೇಳಿದ್ದು ಗೆಳೆಯನ ಒಕ್ಕಲುತನದ ಬುದ್ಧಿ. “ತಿಪ್ಪಿ ಗೊಬ್ಬರದಾಗ ಬಂದದ್ದೋ ಇದೆಲ್ಲಾ. ನಮ್ಮವ್ವ ಕಸಾ ಹೊಡೆದು ಎಲ್ಲಿ ಹಾಕ್ತಿದ್ದಳು? ತಿಪ್ಪಿಗೆ. ತಿಪ್ಪಿ ಎಲ್ಲಿ ಹೋಗ್ತಿತ್ತು? ಹೊಲಕ್ಕ.” ಪುರಾತತ್ವಜ್ಞರು ಹೇಳುವುದೂ ಅದನ್ನೇ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಹರಿದ ಬಟ್ಟೆ, ಮುರಿದ ಚಮಚ ಎಲ್ಲ ಗೊಬ್ಬರದ ಗುಂಡಿ ಸೇರಿ ಗಾಡಿಯಲ್ಲಿ ಹೊಲಕ್ಕೆ ಬರುತ್ತಿದ್ದವು. ಬೆವರು ಸುರಿಸಿ ದುಡಿಯುವ ಮೈಯಿಂದ ಗುಂಡಿ ಕಿತ್ತು ಬೀಳುತ್ತಿತ್ತು; ಕಿಸೆ ಹರಿದು ಕಾಸು ಜಾರುತ್ತಿತ್ತು. ಆಮೇಲೆ ಮುನ್ನೂರು ವರ್ಷ ನೇಗಿಲು ಆಡಿದೆ. ಉಳುಮೆಯ ಪದರ ಸುಮಾರು 20ರಿಂದ 25 ಸೆಂಟಿಮೀಟರ್. ಅದರೊಳಗಿನ ವಸ್ತು ಪ್ರತಿ ಉಳುಮೆಗೂ ಮೇಲೆ ಕೆಳಗೆ, ಆಚೆ ಈಚೆ ಸರಿಯುತ್ತಲೇ ಇರುತ್ತದೆ. ರಸಗೊಬ್ಬರ ಬಂದ ಮೇಲೆ ತಾಮ್ರದ ನಾಣ್ಯಗಳು ಬೇಗ ತಿಂದುಹೋಗುತ್ತಿವೆ. ಜಾರ್ಜ್ ದೊರೆಗಳ ಕಾಲದ ಅರ್ಧ ಪೆನ್ನಿಗಳು ಎಷ್ಟೋ ಸಲ ಮುಖವಿಲ್ಲದ ಹಸಿರು ಬಿಲ್ಲೆಗಳಾಗಿ ಬರುತ್ತವೆ.

ಹೆಚ್ಚಾಗಿ ಸಿಗುವುದು ಗುಂಡಿಗಳು: ಹಿಂಬದಿಗೆ ತಂತಿಯ ಕೊಂಡಿಯಿರುವ, ಹದಿನೆಂಟನೇ ಶತಮಾನದ ಚಪ್ಪಟೆ ಹಿತ್ತಾಳೆ ಗುಂಡಿಗಳು. ಅವುಗಳ ನಂತರ ಎತ್ತಿನ ಲಾಳ, ಅಂಗುಸ್ತಾನ, ಕುದುರೆ ಗೆಜ್ಜೆ. ಸೀಸದ ಗುಂಡುಗಳು ಬಿಳಿ ಪೊರೆ ಕಟ್ಟಿಕೊಂಡು ಬರುತ್ತವೆ. ಕೆಲವುಗಳ ಮೇಲೆ ಹಲ್ಲಿನ ಗುರುತು. ನೋವು ತಡೆಯಲಾರದ ಸೈನಿಕ ಕಚ್ಚಿದ್ದೆಂದು ಜನ ಹೇಳುತ್ತಾರೆ. ಪರಿಶೀಲಿಸಿದವರು ಬಹುಪಾಲು ಅಂಥ ಗುಂಡುಗಳನ್ನು ಅಗಿದದ್ದು ಹಂದಿ ಎನ್ನುತ್ತಾರೆ.

ಬೆಳ್ಳಿ ಅಪರೂಪ. ಸ್ಪೇನಿನ ಅಮೆರಿಕದಲ್ಲಿ ಟಂಕಿಸಿದ ರಿಯಾಲ್‌ಗಳನ್ನು ಚಿಲ್ಲರೆಗಾಗಿ ಉಳಿಯಿಂದ ಕತ್ತರಿಸಿ ಚಲಾಯಿಸುತ್ತಿದ್ದರು. ಸ್ಪೇನಿನ ಡಾಲರ್ 1857ರವರೆಗೂ ಅಮೆರಿಕದಲ್ಲಿ ಅಧಿಕೃತ ಚಲಾವಣೆಯಲ್ಲಿತ್ತು. ಮ್ಯಾಸಚೂಸೆಟ್ಸ್‌ನ ಪೈನ್ ಮರದ ಶಿಲ್ಲಿಂಗ್ ಕಾಣಲು ಪುಣ್ಯ ಬೇಕು. ಬಾಸ್ಟನ್ನಿನ ಅಕ್ಕಸಾಲಿಗ ಜಾನ್ ಹಲ್‌ನ ಟಂಕಸಾಲೆ 1652ರಲ್ಲಿ ಶುರುವಾಯಿತು. ಪೈನ್ ಮರದ ನಾಣ್ಯಗಳು ಹುಟ್ಟಿದ್ದು ಅದಾಗಿ ಹದಿನೈದು ವರ್ಷದ ಮೇಲೆ, ಆದರೆ ಅವುಗಳ ಮೇಲೂ ಇರುವ ಇಸವಿ 1652.

ಯಾವ ವಸ್ತು ಸಿಕ್ಕಿತೆಂಬುದಕ್ಕಿಂತ ಯಾವ ತಾವಿನಲ್ಲಿ ಸಿಕ್ಕಿತೆಂಬುದು ದೊಡ್ಡದು. ಇದು ನನ್ನ ಗಟ್ಟಿ ನಂಬಿಕೆ. ಅಂಗಡಿಯ ಗಾಜಿನ ಕೆಳಗೆ ಕೂತ ಯೆಮೆನ್ ನಾಣ್ಯಕ್ಕೆ ಬೆಲೆಯಷ್ಟೇ ಇದೆ. ಮಿಡ್ಲ್‌ಟೌನ್‌ನ ಹಣ್ಣಿನ ತೋಟದಿಂದ ಬಂದ ಯೆಮೆನ್ ನಾಣ್ಯ ಸಾಕ್ಷಿ ನುಡಿಯುತ್ತದೆ. ಹೀಗಾಗಿ ನಾವು ಪ್ರತಿ ವಸ್ತುವಿಗೂ ಫೋನಿನಲ್ಲಿ ಜಿಪಿಎಸ್ ಗುರುತು ಹಾಕಿ, ಆಳ ಅಳೆದು, ಫೋಟೋ ತೆಗೆದು, ಚೀಟಿ ಬರೆದು ಪುಟ್ಟ ಚೀಲಕ್ಕೆ ಹಾಕುತ್ತೇವೆ. ಮೊಳೆಯನ್ನೂ ಬಿಡುವುದಿಲ್ಲ. ಮೊಳೆ ಗುಂಪಾಗಿ ಸಿಕ್ಕಲ್ಲಿ ಒಂದು ಮನೆಯೋ ಕೊಟ್ಟಿಗೆಯೋ ನಿಂತಿದ್ದಿರಬಹುದು. ಉಳುಮೆಯ ಪದರ ಮುಗಿದು ಕೆಳಗಿನ ಕದಡದ ಮಣ್ಣು ಕಂಡರೆ ಅಲ್ಲಿಗೇ ಕೈ ತೆಗೆಯುತ್ತೇವೆ. ಆ ಕೆಳಗಿನದು ಓದಬಲ್ಲವರ ಪಾಲಿನದು.

ಪುರಾತತ್ವಜ್ಞರಿಗೆ ಡಿಟೆಕ್ಟರ್ ಮಂದಿಯ ಮೇಲೆ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ. ಕಿತ್ತು ಮಾರುವವರು ಇಡೀ ಹೊಲಗಳನ್ನೇ ಮೂಕವಾಗಿಸಿದ್ದಾರೆ. ಹಾಗೆಂದು ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟುಹೋಯಿತು. ಮರುವರ್ಷ ಡಗ್ಲಸ್ ಸ್ಕಾಟ್ ಮತ್ತು ಅವರ ತಂಡ ಹವ್ಯಾಸಿ ಡಿಟೆಕ್ಟರ್ ಮಂದಿಯನ್ನೇ ಸಾಲಾಗಿ ನಡೆಸಿದರು. ಪ್ರತಿ ತೋಟಾ, ಪ್ರತಿ ಗುಂಡಿಗೂ ನಕ್ಷೆಯಲ್ಲಿ ಚುಕ್ಕೆ ಬಿತ್ತು. 1876ರಲ್ಲಿ ಅಮೆರಿಕ ಸೇನೆಯ ಕಸ್ಟರ್‌ನ ದಂಡು ಹೇಗೆ ಚದುರಿತು, ಮೂಲನಿವಾಸಿ ಲಕೋಟಾ ಮತ್ತು ಶಯೆನ್ ಯೋಧರು ಎಲ್ಲೆಲ್ಲಿಂದ ಗುಂಡು ಹಾರಿಸಿದರು ಎಂಬುದನ್ನು ಆ ಚುಕ್ಕೆಗಳು ತೋರಿಸಿದವು. ವರ್ಜೀನಿಯಾದಲ್ಲಿ ಅಮೆರಿಕದ ಹಿಂದಿನ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್‌ನ ಮಾಂಟ್‌ಪೆಲಿಯರ್ ಎಸ್ಟೇಟಿನಲ್ಲಿ ಪುರಾತತ್ವ ವಿಭಾಗವೇ ಡಿಟೆಕ್ಟರ್ ಹವ್ಯಾಸಿಗಳನ್ನು ಕರೆದು, ಕಲಿಸಿ, ಜೊತೆಗೂಡಿಸಿಕೊಂಡು ಗುಲಾಮರ ವಸತಿಗಳ ನೆಲೆ ಹುಡುಕಿದೆ. ಕಾಗದದ ಮೇಲೆ ಹೆಸರೇ ಇಲ್ಲದ ಜನರ ಬಾಳು ಮೊಳೆಗಳ ಗುಂಪಿನಿಂದ ಎದ್ದು ಬಂದಿದೆ.

ಇನ್ನು ಆ ಬೆಳ್ಳಿಯ ಕಥೆ.

1695ರ ಸೆಪ್ಟೆಂಬರ್. ಮೊಘಲ್ ಬಾದಶಹ ಔರಂಗಜೇಬನ ಹಡಗು ಗಂಜ್-ಇ-ಸವಾಯಿ ಹಜ್ ಮುಗಿಸಿದ ಯಾತ್ರಿಕರನ್ನು ಹೊತ್ತು ಸೂರತ್‌ಗೆ ಮರಳುತ್ತಿತ್ತು. ಕೆಂಪು ಸಮುದ್ರದ ಬಂದರುಗಳಾದ ಮೋಖಾ, ಜಿದ್ದಾಗಳಲ್ಲಿ ಹಿಂದೂಸ್ತಾನದ ಸರಕು ಮಾರಿ ಬಂದ ಹಣವೂ ಅದರಲ್ಲಿತ್ತು. ಇತಿಹಾಸಕಾರ ಖಾಫಿ ಖಾನ್ ಆ ಮೊತ್ತವನ್ನು 52 ಲಕ್ಷ ರೂಪಾಯಿ ಎಂದು ಬರೆದಿದ್ದಾನೆ. ಹಡಗಿನಲ್ಲಿ 80 ತೋಪು, 400 ಬಂದೂಕು ಇದ್ದವೆಂದೂ ಹೇಳುತ್ತಾನೆ. ಎದುರು ಬಂದವನು ಹೆನ್ರಿ ಎವೆರಿ, ಇಂಗ್ಲೆಂಡಿನವನು. ಹಿಂದಿನ ವರ್ಷ ಸ್ಪೇನಿನ ಕೊರುನ್ಯಾ ಬಂದರಿನಲ್ಲಿ ಬಂಡೆದ್ದು ಹಡಗನ್ನೇ ಹಾರಿಸಿಕೊಂಡು ಬಂದು, ಅದಕ್ಕೆ ಫ್ಯಾನ್ಸಿ ಎಂದು ಹೆಸರಿಟ್ಟಿದ್ದ. ಅವನ ಜೊತೆಗೂಡಿದ್ದ ಹಡಗುಗಳಲ್ಲಿ ರೋಡ್ ಐಲೆಂಡಿನವೂ ಇದ್ದವು. ನ್ಯೂಪೋರ್ಟಿನ ಥಾಮಸ್ ಟ್ಯೂ, ಜೊತೆಯ ಫತೇ ಮುಹಮ್ಮದ್ ಹಡಗಿನ ಮೇಲಿನ ಕಾಳಗದಲ್ಲಿ ಸತ್ತನು. ಗಂಜ್-ಇ-ಸವಾಯಿಯಲ್ಲಿ ತೋಪೊಂದು ಸಿಡಿದು ಅದರವರೇ ಸತ್ತರು. ಎದುರಾಳಿಯ ಗುಂಡಿಗೆ ನಡುಗಂಬ ಮುರಿಯಿತು. ಕಳ್ಳರು ಹತ್ತಿದರು.

ಆಮೇಲೆ ಹಲವು ದಿನ ನಡೆದದ್ದು ಬರೀ ಲೂಟಿಯಲ್ಲ. ಯಾತ್ರಿಕರನ್ನು ಚಿತ್ರಹಿಂಸೆ ಮಾಡಿ ಬಚ್ಚಿಟ್ಟದ್ದನ್ನು ಕಕ್ಕಿಸಿದರು. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಮಾನ ಉಳಿಸಿಕೊಳ್ಳಲು ಕೆಲವರು ಸಮುದ್ರಕ್ಕೆ ಹಾರಿದರು, ಕೆಲವರು ಇರಿದುಕೊಂಡರು ಎಂದು ಖಾಫಿ ಖಾನ್ ದಾಖಲಿಸಿದ್ದಾನೆ. ಎವೆರಿಯನ್ನು ಸಾಹಸಿಯೆಂದು ಹಾಡಿದ ಲಾವಣಿ, ನಾಟಕಗಳು ಇಂಗ್ಲೆಂಡಿನಲ್ಲಿ ಬಹಳ ಬೇಗ ಹುಟ್ಟಿಕೊಂಡವು. ಇವತ್ತಿಗೂ ಇಂಥ ನಾಣ್ಯ ಸಿಕ್ಕಾಗ ಸುದ್ದಿಯ ತಲೆಬರಹದಲ್ಲಿ ಮೆರೆಯುವವನು ಕಡಲ್ಗಳ್ಳನೇ. ಆ ಬೆಳ್ಳಿ ಯಾರ ಸೆರಗಿನ ಗಂಟಿನಿಂದ ಬಿಚ್ಚಿದ್ದು ಎಂದು ಕೇಳುವವರು ಕಡಿಮೆ. ನನಗೆ ಇದು ಸಹಿಸಲಾರದ ಅನ್ಯಾಯವಾಗಿ ಕಾಣುತ್ತದೆ. ಆ ಹಡಗಿನಲ್ಲಿದ್ದ ಒಬ್ಬ ಸಾಮಾನ್ಯ ಯಾತ್ರಿಕಳ ಹೆಸರೂ ನಮಗೆ ಉಳಿದಿಲ್ಲ.

ಸೂರತ್‌ನಲ್ಲಿ ಜನ ರೊಚ್ಚಿಗೆದ್ದರು. ಈಸ್ಟ್ ಇಂಡಿಯಾ ಕಂಪನಿಯ ಅಲ್ಲಿನ ಮುಖ್ಯಸ್ಥ ಸ್ಯಾಮ್ಯುಯೆಲ್ ಆನ್ಸ್‌ಲಿಯನ್ನೂ ಅವನ ಕೈಕೆಳಗಿನವರನ್ನೂ ಸಂಕೋಲೆ ಹಾಕಿ ತಿಂಗಳುಗಟ್ಟಲೆ ಕೂಡಿಹಾಕಿದರು. ಕಂಪನಿಯ ವ್ಯಾಪಾರ ನಿಂತಿತು. ಎವೆರಿಯ ತಲೆಗೆ ಲಂಡನ್ ಸರ್ಕಾರ 500 ಪೌಂಡ್ ಬಹುಮಾನ ಸಾರಿತು, ಕಂಪನಿ ಅದನ್ನು ಇಮ್ಮಡಿಗೊಳಿಸಿತು. ಸಿಕ್ಕಿಬಿದ್ದ ಕೆಲವರನ್ನು 1696ರಲ್ಲಿ ಲಂಡನ್ನಿನಲ್ಲಿ ವಿಚಾರಣೆಗೆ ನಿಲ್ಲಿಸಿದರೆ ಮೊದಲ ಜ್ಯೂರಿ ನಿರಪರಾಧಿಗಳೆಂದಿತು; ಬೇರೆ ಆರೋಪದ ಮೇಲೆ ಮತ್ತೆ ವಿಚಾರಿಸಿ ಐವರನ್ನು ಗಲ್ಲಿಗೇರಿಸಿದರು. ಎವೆರಿ ಐರ್ಲೆಂಡಿನಲ್ಲಿ ಇಳಿದವನು ಆಮೇಲೆ ಯಾರಿಗೂ ಸಿಗಲಿಲ್ಲ.

ಬಾದಶಹ ಆಗ ದಿಲ್ಲಿಯಲ್ಲಿರಲಿಲ್ಲ. ಅದೇ 1695ರ ಮಾರ್ಚಿನಲ್ಲಿ ಇಟಲಿಯ ಯಾತ್ರಿಕ ಜೆಮೆಲ್ಲಿ ಕರೇರಿ ಅವನನ್ನು ಕಂಡದ್ದು ಕೃಷ್ಣೆಯ ದಡದ ಗಲಗಲಿಯ ಬೀಡಿನಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ. ಬಾಗಿದ ಬೆನ್ನಿನ, ಬಿಳಿ ಗಡ್ಡದ ಮುದುಕ ಕನ್ನಡಕವಿಲ್ಲದೆಯೇ ಅರ್ಜಿಗಳನ್ನು ನೋಡಿ ತನ್ನ ಕೈಯಾರೆ ಒಕ್ಕಣೆ ಬರೆಯುತ್ತಿದ್ದನೆಂದು ಕರೇರಿ ವರ್ಣಿಸಿದ್ದಾನೆ. ಆ ವರ್ಷವೇ ದಂಡು ಭೀಮೆಯ ದಡದ ಬ್ರಹ್ಮಪುರಿಗೆ ಸರಿಯಿತು. ಹಡಗಿನ ಸುದ್ದಿ ಮುಟ್ಟಿದ್ದು ದಖ್ಖನ್ನಿನ ಬೀಡಿಗೆ. ಇದನ್ನು ಹೇಳಿದಾಗ ಗೆಳೆಯ ಸಲಿಕೆ ಊರಿ ನಿಂತುಬಿಟ್ಟ. “ನಮ್ಮ ಗಲಗಲಿ? ಸೋದರಮಾವನ ಊರಿಗೆ ಹೋಗೂವಾಗ ದಾಟಿ ಹೋಗ್ತಿದ್ದಿವಲ್ಲೋ!” ಯೆಮೆನ್ ಕೂಡ ನಮಗೆ ದೂರದ್ದಲ್ಲ. ಮೋಖಾ ಬಂದರಿಗೆ ಬೆಳ್ಳಿ ಹರಿದು ಬರುತ್ತಿದ್ದದ್ದು ಕಾಫಿಗಾಗಿ. ಹಜ್‌ನಿಂದ ಮರಳುವಾಗ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದರೆಂಬ ಐತಿಹ್ಯವೂ ಅದೇ ಸಮುದ್ರದಾರಿಯದು, ಅದೇ ಶತಮಾನದ್ದು.

2014ರ ನಂತರ ಹುಡುಕಿದವರಿಗೆ ಅದೇ ಕಾಲದ ಅರಬ್ಬಿ ನಾಣ್ಯಗಳು ಇನ್ನೂ ಸಿಕ್ಕಿವೆ. 2021ರಲ್ಲಿ ಸುದ್ದಿಯಾದ ಹೊತ್ತಿಗೆ ಮ್ಯಾಸಚೂಸೆಟ್ಸ್‌ನಲ್ಲಿ 10, ರೋಡ್ ಐಲೆಂಡಿನಲ್ಲಿ 3, ಕನೆಕ್ಟಿಕಟ್‌ನಲ್ಲಿ 2. ಎವೆರಿಯ ಕೆಲವು ಸಂಗಡಿಗರು ದಡ ಹತ್ತಿದ ನಾರ್ತ್ ಕ್ಯಾರೊಲಿನಾದಲ್ಲಿ ಒಂದು. ಇವು ಗಂಜ್-ಇ-ಸವಾಯಿಯ ಲೂಟಿ ಎಂಬುದು ಬೇಲಿಯವರ ವಾದ. ನಾನು ಅದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಪೂರ್ತಿ ಅಲ್ಲ. ಕೆಂಪು ಸಮುದ್ರಕ್ಕೆ ಹೋಗಿ ದೋಚಿ ಬಂದವರು ಬೇರೆಯವರೂ ಇದ್ದರು. ಟ್ಯೂ ತಾನೇ ಹಿಂದಿನ ಯಾನದಿಂದ ನ್ಯೂಪೋರ್ಟಿಗೆ ಸಿರಿ ಹೊತ್ತು ತಂದಿದ್ದ. ಒಂದು ನಾಣ್ಯ ತನ್ನನ್ನು ಸಾಗಿಸಿದ ಕೈಯ ಹೆಸರು ಹೇಳಲಾರದು. ಈ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2018ರಲ್ಲಿ ಕನೆಕ್ಟಿಕಟ್‌ನ ಹದಿನೇಳನೇ ಶತಮಾನದ ಒಕ್ಕಲು ಮನೆಯೊಂದರ ಕ್ರಮಬದ್ಧ ಉತ್ಖನನದಲ್ಲಿ ಬಂದ ನಾಣ್ಯ. ಅದರ ಸುತ್ತಲಿನ ಮನೆ, ಮಣ್ಣು, ಮಡಕೆಚೂರು ಎಲ್ಲವೂ ಅದರ ಜೊತೆ ಉಳಿದಿವೆ.

ಎವೆರಿಯ ಸಂಗಡಿಗರು 1696ರಲ್ಲಿ ಸೀ ಫ್ಲವರ್ ಎಂಬ ಹಡಗಿನಲ್ಲಿ ನ್ಯೂಪೋರ್ಟಿಗೆ ಬಂದಾಗ ಅದರಲ್ಲಿ ಸುಮಾರು ನಾಲ್ಕು ಡಜನ್ ಗುಲಾಮರೂ ಇದ್ದರು ಎಂದು ಬೇಲಿ ದಾಖಲೆಗಳಿಂದ ತೋರಿಸಿದ್ದಾರೆ. ಮುಂದಿನ ಶತಮಾನದಲ್ಲಿ ರೋಡ್ ಐಲೆಂಡಿನ ವರ್ತಕರು ಆಫ್ರಿಕಕ್ಕೆ ಕಳಿಸಿದ ಗುಲಾಮ ಹಡಗುಗಳ ಯಾನಗಳು 900ಕ್ಕೂ ಮಿಕ್ಕಿದವು. ನಾವು ನಡೆಯುವ ಹೊಲವಾದರೂ ಯಾರದು? ಇದು ಮೂಲನಿವಾಸಿ ವಾಂಪನೋಗ್ ಜನರ ನಾಡು. 1675-76ರಲ್ಲಿ ಅವರ ನಾಯಕ ಮೆಟಾಕಮ್ ವಸಾಹತುಗಾರರ ವಿರುದ್ಧ ಹೂಡಿದ ಯುದ್ಧದಲ್ಲಿ ಅವರು ಸೋತರು. ಸೆರೆಸಿಕ್ಕ ಎಷ್ಟೋ ಜನರನ್ನು ವೆಸ್ಟ್ ಇಂಡೀಸಿಗೆ ಗುಲಾಮರಾಗಿ ಮಾರಿದರು. ಹಿತ್ತಾಳೆಯ ಹಳೆ ಹಂಡೆಯನ್ನು ಕತ್ತರಿಸಿ ಮಾಡಿಕೊಂಡ ಅವರ ತ್ರಿಕೋನಾಕಾರದ ಬಾಣದ ಮೊನೆಗಳು ಇಲ್ಲಿನ ಹೊಲಗಳಲ್ಲಿ ಸಿಗುವುದುಂಟು. ಅಂಥದು ಕಂಡಾಗ ಗೆಳೆಯ ಯಂತ್ರ ಆರಿಸಿ, ಗುರುತಿನ ಬಾವುಟ ನೆಟ್ಟು, ಸಲಿಕೆ ಕೆಳಗಿಡುತ್ತಾನೆ. ಸಮಾಧಿಯ ಸುಳಿವೇನಾದರೂ ಇದ್ದರೆ ಅಲ್ಲಿಗೆ ಎಲ್ಲವೂ ನಿಲ್ಲಬೇಕು, ಅಧಿಕಾರಿಗಳಿಗೆ ತಿಳಿಸಬೇಕು. ಕಾನೂನು ಹಾಗಿದೆ; ಇಲ್ಲದಿದ್ದರೂ ಹಾಗೇ ಮಾಡಬೇಕಾದದ್ದು.

ಊರಿಗೆ ಬಂದಾಗ ಗೆಳೆಯರು ಕೇಳುತ್ತಾರೆ, ಆ ಯಂತ್ರ ನಮ್ಮ ತೋಟದಲ್ಲೂ ಆಡಿಸೋಣವೇ ಎಂದು. ಬೇಡ ಎನ್ನುತ್ತೇನೆ. ನಮ್ಮಲ್ಲಿ 1878ರಿಂದಲೇ ನಿಧಿ ಕಾಯ್ದೆಯಿದೆ, ಕರ್ನಾಟಕದಲ್ಲಿ 1962ರ ಕಾಯ್ದೆಯಿದೆ. ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ. ಕಾಯ್ದೆಗಿಂತ ದೊಡ್ಡ ಕಾರಣ ನಿಧಿಗಳ್ಳರದು. ಹಾಳು ಗುಡಿಗಳ ನಂದಿಯನ್ನು ಉರುಳಿಸಿ, ವೀರಗಲ್ಲು ಮಾಸ್ತಿಗಲ್ಲುಗಳ ಬುಡ ಬಗೆದು ಇವರು ಮಾಡಿರುವ ನಾಶ ನೋಡಿದವರಿಗೆ ಮತ್ತೊಂದು ಯಂತ್ರ ಅವರ ಕೈಗೆ ಸಿಗಲಿ ಎನಿಸುವುದಿಲ್ಲ. ಆದರೆ ನನ್ನ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಏನಾಯಿತೆಂದು ಅವರಿಗೆ ಹೇಳುತ್ತೇನೆ. 2002ರಲ್ಲಿ ತೋಟದ ಬಾವಿಯ ಹೂಳೆತ್ತುವಾಗ 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಮೈಸೂರು ರಾಕೆಟ್‌ಗಳೆಂದು ತಿಳಿಯಲು ವರ್ಷಗಳೇ ಹಿಡಿದವು. 2018ರ ಜುಲೈಯಲ್ಲಿ ರಾಜ್ಯ ಪುರಾತತ್ವ ಇಲಾಖೆ ಅದೇ ಬಾವಿಯನ್ನು ಕ್ರಮವಾಗಿ ಅಗೆದಾಗ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು. ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಗುಜರಿಗೆ ಹೋಗಿದ್ದರೆ ಅಷ್ಟೂ ಬರೀ ತುಕ್ಕು ಕಬ್ಬಿಣ.

ನಮ್ಮ ಹೊಲದಲ್ಲಿ ಅರಬ್ಬಿ ಅಕ್ಷರ ಇದುವರೆಗೆ ಕಂಡಿಲ್ಲ. ಗೆಳೆಯ ಗುರುತು ಹಾಕಿದ ನಕ್ಷೆಯಲ್ಲಿ ಕೆಳಗಿನ ಕಲ್ಲುಗೋಡೆಯ ಪಕ್ಕ ಮೊಳೆ, ಸೀಸ, ಬಕಲ್‌ಗಳು ಬೇರೆಲ್ಲ ಕಡೆಗಿಂತ ಒತ್ತಾಗಿ ಕೂಡಿವೆ. ಹಳೆಯ ಭೂದಾಖಲೆಯಲ್ಲಿ ಅಲ್ಲಿ ಮನೆಯಿಲ್ಲ. ನಕ್ಷೆಯ ಪ್ರತಿಯನ್ನು ರಾಜ್ಯದ ಪುರಾತತ್ವ ಕಚೇರಿಗೆ ಕಳಿಸಲು ರೈತರು ಒಪ್ಪಿದ್ದಾರೆ. ಕಚೇರಿಯವರು ನೋಡಿ ಹೇಳುವವರೆಗೆ ಆ ತುಂಡಿನಲ್ಲಿ ಆಳವಾಗಿ ನೇಗಿಲು ಹಾಕುವುದಿಲ್ಲವೆಂದೂ, ಈ ಸಲ ಅಲ್ಲಿ ಹುಲ್ಲು ಬಿತ್ತುತ್ತೇನೆಂದೂ ರೈತರೇ ಹೇಳಿದ್ದಾರೆ. ನಾವು ಮೇಲಿನ ಸಾಲಿಗೆ ಹೋಗುತ್ತೇವೆ.